ಬಸರಾಳು: ಹೊರಗೊಂದು ಗುಡಿ, ಒಳಗೆ ಮೂರು

ಸೋಮನಾಥಪುರದ ಗುಡಿಗೆ ಬಸ್ಸುಗಟ್ಟಲೆ ಜನ ಹೋಗುತ್ತಾರೆ. ಅದಕ್ಕಿಂತ ಸುಮಾರು ಕಾಲು ಶತಮಾನ ಹಿರಿಯದಾದ ಬಸರಾಳಿನ ಮಲ್ಲಿಕಾರ್ಜುನ ಗುಡಿ ಮಂಡ್ಯದಿಂದ 25 ಕಿ.ಮೀ. ಆಸುಪಾಸಿನಲ್ಲೇ ಇದ್ದರೂ ಅಲ್ಲಿಗೆ ಹೋದವರು ಕಡಿಮೆ. 1234ರ ಸುಮಾರಿಗೆ, ಹೊಯ್ಸಳ ದೊರೆ ಇಮ್ಮಡಿ ವೀರ ನರಸಿಂಹನ ಕಾಲದಲ್ಲಿ, ಹರಿಹರ ದಣ್ಣಾಯಕ ಕಟ್ಟಿಸಿದ ಗುಡಿ ಇದು. ರಾಜಧಾನಿಯಲ್ಲಲ್ಲ, ಒಂದು ಹಳ್ಳಿಯಲ್ಲಿ. ಹಾಗಂತ ಕೆಲಸದಲ್ಲಿ ಎಲ್ಲೂ ಕೈ ಬಿಗಿ ಹಿಡಿದಿಲ್ಲ.

ಬೆಂಗಳೂರಿನಿಂದ ಬರುವವರಿಗೆ ರೈಲೇ ಸುಖ. ಮೈಸೂರು ಕಡೆಯ ಗಾಡಿ ಹತ್ತಿ ಮಂಡ್ಯದಲ್ಲಿ ಇಳಿದರೆ ಆಯಿತು. ಅಲ್ಲಿಂದ ಬಸರಾಳಿನ ಬಸ್ಸು ಹಿಡಿಯಿರಿ. ಇಳಿಯುವಾಗಲೇ ವಾಪಸು ಬಸ್ಸು ಎಷ್ಟು ಹೊತ್ತಿಗೆ ಅಂತ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ಕಾರಿನವರು ಗಮನಿಸಬೇಕಾದ್ದು, ಹೊಸ ಹೆದ್ದಾರಿ ಮದ್ದೂರನ್ನೂ ಮಂಡ್ಯವನ್ನೂ ಮುಟ್ಟದೆ ಹಾದುಹೋಗುತ್ತದೆ. ಇಳಿಯುವ ತಿರುವು ತಪ್ಪಿದರೆ ಸುತ್ತು ಬಳಸಬೇಕು. ಬೈಕಿನವರಿಗೆ 2023ರ ಆಗಸ್ಟ್‌ನಿಂದ ಆ ಹೆದ್ದಾರಿಯ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಇದೇನೂ ನಷ್ಟವಲ್ಲ. ಆ ದಾರಿಯಲ್ಲಿ ಊರುಗಳು ಸಿಗುತ್ತವೆ, ಕಾಫಿ ಸಿಗುತ್ತದೆ. ಊಟವನ್ನು ಮಂಡ್ಯದಲ್ಲೇ ಮುಗಿಸಿಕೊಳ್ಳಿ. ಮುದ್ದೆ, ಬಸ್ಸಾರು ಉಂಡು ಹೊರಟರೆ ಸಂಜೆಯವರೆಗೆ ಯೋಚನೆಯಿಲ್ಲ.

ಗುಡಿ ತಲುಪಿದ ಕೂಡಲೇ ಒಳಗೆ ನುಗ್ಗಬೇಡಿ. ಮೊದಲು ಸುತ್ತ ಒಂದು ಬಾರಿ ನಡೆದು, ಒಳಗೆ ಎಷ್ಟು ಗರ್ಭಗುಡಿ ಇರಬಹುದು ಅಂತ ಊಹಿಸಿ. ಕಾಣುವುದು ಒಂದೇ ಶಿಖರ. ಆದ್ದರಿಂದ ಹೆಚ್ಚಿನವರ ಉತ್ತರ ಒಂದು. ನಾನೂ ಮೊದಲ ಸಲ ಹಾಗೇ ಅಂದುಕೊಂಡಿದ್ದೆ. ನಿಜಕ್ಕೂ ಇದು ತ್ರಿಕೂಟ: ಗರ್ಭಗುಡಿ ಮೂರು, ನಡುವೆ ಒಂಬತ್ತು ಅಂಕಣದ ನವರಂಗ. ಶಿಖರ ಇರುವುದು ನಡುವಿನದಕ್ಕೆ ಮಾತ್ರ, ಸುಕನಾಸಿ, ಅಂದರೆ ಗರ್ಭಗುಡಿಯ ಮುಂದಿನ ಚಿಕ್ಕ ಕೋಣೆ, ಇರುವುದೂ ಅದಕ್ಕೆ ಮಾತ್ರ. ಅಕ್ಕಪಕ್ಕದ ಎರಡು ನೇರ ನವರಂಗಕ್ಕೇ ಅಂಟಿಕೊಂಡಿವೆ. ಅವುಗಳ ಹೊರಗೋಡೆ ಮಂಟಪದ ಗೋಡೆಯೊಳಗೇ ಕರಗಿಹೋಗಿದೆ. ಸೋಮನಾಥಪುರದಲ್ಲಿ ಮೂರೂ ಶಿಖರಗಳನ್ನು ಎದ್ದು ಕಾಣುವಂತೆ ನಿಲ್ಲಿಸಿದ್ದಾರೆ, ಇಲ್ಲಿ ಎರಡು ಗರ್ಭಗುಡಿಗಳನ್ನೇ ಬಚ್ಚಿಟ್ಟಿದ್ದಾರೆ. ನನಗೆ ಈ ಬಚ್ಚಿಡುವ ಜಾಣತನವೇ ಹೆಚ್ಚು ಇಷ್ಟ. ಎರಡನೇ ಸುತ್ತಿನಲ್ಲಿ ಆ ಗೋಡೆಯನ್ನು ಹುಡುಕುತ್ತಾ ಬನ್ನಿ, ಮಕ್ಕಳನ್ನು ಕರೆದುಕೊಂಡು ಬಂದಿದ್ದರೆ ಅವರಿಗೇ ಈ ಕೆಲಸ ಒಪ್ಪಿಸಿ.

ಶಿಖರವನ್ನು ದೂರದಿಂದ ನೋಡಬೇಕು. ತುದಿಯ ಕಲಶ ಉಳಿದಿದೆ. ಸುಕನಾಸಿಯ ಮೇಲೆ ಸಿಂಹವನ್ನು ಇರಿಯುವ ವೀರನ ಹೊಯ್ಸಳ ಲಾಂಛನವೂ ಇನ್ನೂ ಅದರ ಜಾಗದಲ್ಲೇ ನಿಂತಿದೆ. ಎಷ್ಟೋ ಹೊಯ್ಸಳ ಗುಡಿಗಳಲ್ಲಿ ಶಿಖರವೇ ಉಳಿದಿಲ್ಲ ಎಂಬುದನ್ನು ನೆನೆದರೆ ಇದು ದೊಡ್ಡ ಭಾಗ್ಯ.

ಆಮೇಲೆ ಗೋಡೆಗೆ ಹತ್ತಿರ ಬನ್ನಿ, ಬೇಕಾದರೆ ಕುಕ್ಕರುಗಾಲಲ್ಲಿ ಕೂತುಕೊಳ್ಳಿ. ಬುಡದಿಂದ ಮೇಲಕ್ಕೆ ಆರು ಪಟ್ಟಿಕೆಗಳು, ಎಲ್ಲದರ ಅಗಲವೂ ಒಂದೇ: ಆನೆ, ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ಅದರ ಮೇಲೆ ದೇವದೇವಿಯರ ಸಾಲು. ಅವರ ತಲೆಯ ಮೇಲೊಂದು ಚಾಚಿದ ಸೂರು, ಅದರ ಮೇಲೆ ಪುಟ್ಟ ಪುಟ್ಟ ಶಿಖರಗಳು, ಮತ್ತೆ ಇನ್ನೊಂದು ಸೂರು. ಕೆಳಗಿನ ಸಾಲುಗಳನ್ನು ಹಳಗನ್ನಡ ಓದಿದ ಹಾಗೆ ನಿಧಾನವಾಗಿ ಓದಬೇಕು, ಗೊತ್ತಿರುವ ಕಥೆ ಸಿಕ್ಕಿದ ಕೂಡಲೇ ದಾರಿ ಸುಲಭವಾಗುತ್ತದೆ. ಹುಡುಕಲು ಒಂದೆರಡು ಗುರುತು ಹೇಳುತ್ತೇನೆ: ಅರ್ಜುನ ಮತ್ಸ್ಯಯಂತ್ರ ಹೊಡೆಯುತ್ತಿದ್ದಾನೆ, ದ್ರೌಪದಿ ಹಾರ ಹಿಡಿದು ಧಾವಿಸಿ ಬರುತ್ತಿದ್ದಾಳೆ. ಮದುವೆ ಮನೆಯ ಗಡಿಬಿಡಿಯೆಲ್ಲ ಗೇಣುದ್ದದ ಕಲ್ಲಿನಲ್ಲಿ! ದೊಡ್ಡ ವಿಗ್ರಹಗಳಲ್ಲಿ ಅಂಧಕಾಸುರನ ತಲೆಯ ಮೇಲೆ ಕುಣಿಯುವ ಹದಿನಾರು ಕೈಗಳ ಶಿವ, ಇಪ್ಪತ್ತೆರಡು ಕೈಗಳ ದುರ್ಗೆ, ಕೈಲಾಸ ಎತ್ತುತ್ತಿರುವ ರಾವಣ. ಆ ಕೈಗಳನ್ನು ಎಣಿಸಿ ನೋಡಿ, ಒಂದೇ ಸಲಕ್ಕೆ ಲೆಕ್ಕ ಸರಿಯಾದರೆ ನೀವು ಗೆದ್ದಿರಿ.

ಇಷ್ಟು ನಯ ಬಂದದ್ದು ಬಳಪದ ಕಲ್ಲಿನಿಂದ. ನೆಲದಿಂದ ತೆಗೆದಾಗ ಮೆತ್ತಗಿರುವ ಈ ಕಲ್ಲು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಹಿಂದೆ ಸ್ಲೇಟಿನ ಮೇಲೆ ಬರೆದವರಿಗೆ ಅದರ ನುಣುಪು ಗೊತ್ತು. ಹಾಗಂತ ಮುಟ್ಟಿ ನೋಡಬೇಡಿ. ಕೈಯ ಎಣ್ಣೆ ಕಲ್ಲಿಗೆ ಒಳ್ಳೆಯದಲ್ಲ, ಜೊತೆಗೆ ಇದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ.

ಒಳಗೆ ಹೋಗುವಾಗ ಟಾರ್ಚ್ ಇರಲಿ. ಹೊರಗಿನ ಬಿಸಿಲಿಂದ ಹೋದವರಿಗೆ ಮೊದಲು ಏನೂ ಕಾಣುವುದಿಲ್ಲ, ಎರಡು ನಿಮಿಷ ಸುಮ್ಮನೆ ನಿಂತರೆ ನವರಂಗದ ನಾಲ್ಕು ಕಂಬಗಳು ಕತ್ತಲಿಂದ ಮೂಡಿಬರುತ್ತವೆ. ತಿರುಗಣಿಯಲ್ಲಿ ತಿರುಗಿಸಿ ಕಡೆದ ಕಂಬಗಳಿವು. ಮೈಮೇಲೆ ಬಳೆ ತೊಡಿಸಿದಂತೆ ಸುತ್ತುಗೆರೆಗಳು. ನಡುವೆ ನಿಂತು ಮೂರೂ ಕಡೆ ತಿರುಗಿ ನೋಡಿ. ಹೊರಗೆ ಸಿಗದೆ ತಪ್ಪಿಸಿಕೊಂಡಿದ್ದ ಎರಡು ಗರ್ಭಗುಡಿಗಳು ಎಡಬಲಕ್ಕೆ ಕಾಣುತ್ತವೆ. ಬಾಗಿಲು ಹಾಕಿದ್ದರೆ ಸಪ್ಪೆ ಮುಖ ಮಾಡಬೇಡಿ, ಊರಿನವರನ್ನು ವಿಚಾರಿಸಿ. ಗರ್ಭಗುಡಿಯ ಫೋಟೊ ತೆಗೆಯುವ ಮುನ್ನ ಅರ್ಚಕರನ್ನೊಂದು ಮಾತು ಕೇಳಿ.

ಬೇಸಿಗೆಯಲ್ಲಿ ಮಧ್ಯಾಹ್ನ ಬರಿಗಾಲಲ್ಲಿ ಸುತ್ತಿದರೆ ಪಾದ ಸುಡುತ್ತದೆ, ಚೀಲದಲ್ಲಿ ಕಾಲುಚೀಲ ಹಾಕಿಕೊಂಡಿರಿ. ಬೆಳಗಿನ ಅಥವಾ ಇಳಿಹೊತ್ತಿನ ಓರೆ ಬಿಸಿಲಲ್ಲಿ ಪಟ್ಟಿಕೆಗಳು ಎದ್ದು ಕಾಣುತ್ತವೆ. ನೆತ್ತಿಯ ಮೇಲೆ ಸೂರ್ಯ ಬಂದಾಗ ಸೂರಿನ ನೆರಳು ದೇವರ ಮುಖಗಳನ್ನೇ ಮುಚ್ಚುತ್ತದೆ. ಎರಡು ಗಂಟೆಗಿಂತ ಕಡಿಮೆ ಹೊತ್ತು ಇಟ್ಟುಕೊಂಡು ಬರುವವರು ಬರದಿದ್ದರೂ ನಡೆದೀತು.

ವಾಪಸು ಬರುವಾಗ ಮದ್ದೂರಿನಲ್ಲಿ ವಡೆಗೆಂದು ನಿಲ್ಲುವವರು ಅರ್ಧ ಗಂಟೆ ಉಳಿಸಿಕೊಂಡು ಉಗ್ರನರಸಿಂಹನ ಗುಡಿಗೂ ಹೋಗಿಬನ್ನಿ. ಅದೇ ದಿನ ಮಳವಳ್ಳಿ ಕಡೆಯಿಂದ ಸೋಮನಾಥಪುರವನ್ನೂ ನೋಡಿಬಿಡೋಣ ಅನ್ನಿಸುವುದು ಸಹಜ. ಬೇಡ. ರಾತ್ರಿ ಮಂಡ್ಯದಲ್ಲೇ ಉಳಿದು, ಮರುದಿನ ಬೆಳಿಗ್ಗೆ ಬನ್ನೂರು ದಾರಿಯಲ್ಲಿ ಅಲ್ಲಿಗೆ ಹೋಗಿ.