ಲಿಂಕಿನಲ್ಲಿ ಊರ ಹೆಸರು ಒಡೆದುಹೋದರೆ

ಕನ್ನಡ ವಿಕಿಪೀಡಿಯದಲ್ಲಿ ಹುಣಸೂರಿನ ಪುಟ ತೆರೆದು, ವಿಳಾಸ ಕಾಪಿ ಮಾಡಿ ವಾಟ್ಸ್‌ಆ್ಯಪ್‌ಗೆ ಅಂಟಿಸಿ ನೋಡಿ. ಎಷ್ಟೋ ಸಲ ಊರ ಹೆಸರಿದ್ದ ಜಾಗದಲ್ಲಿ ಬರೀ ಶೇಕಡಾ ಚಿಹ್ನೆ, ಇಂಗ್ಲಿಷ್ ಅಕ್ಷರ, ಅಂಕಿಗಳು ತುಂಬಿರುತ್ತವೆ. ಲಿಂಕ್ ಕೆಟ್ಟಿದೆಯೆಂದು ಅಳಿಸಬೇಡಿ. ಹುಣಸೂರು ಅದರೊಳಗೇ ಇದೆ.

ವೆಬ್ ವಿಳಾಸದಲ್ಲಿ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆಗಳಷ್ಟೇ ನೇರವಾಗಿ ಸಾಗುತ್ತವೆ. ಮಿಕ್ಕದ್ದನ್ನು ಯುಟಿಎಫ್-8 ಬೈಟುಗಳಾಗಿ ಒಡೆದು, ಒಂದೊಂದರ ಹಿಂದೆಯೂ % ಹಾಕುತ್ತಾರೆ. ‘ಹ’ ಎಂದರೆ %ಇ0%ಬಿ2%ಬಿ9; ಒಂದು ಸಂಕೇತಕ್ಕೆ 9 ಜಾಗ. ಕೊಂಬಿಗೆ ಬೇರೆ ಸಂಕೇತ. ಹೀಗೆ ನಾಲ್ಕಕ್ಷರದ ಹುಣಸೂರು 63 ಜಾಗ ಹಿಡಿಯುತ್ತದೆ, ಪಿರಿಯಾಪಟ್ಟಣ 99. ಇದಕ್ಕೆ ಹೆದರಿ ಊರ ಹೆಸರನ್ನು ಇಂಗ್ಲಿಷಿಗೆ ತಿರುಗಿಸುವುದು ಬೇಡ. ಅಲ್ಲಿ ಒಬ್ಬರು ಪೆರಿಯಾಪಟ್ನ ಎಂದು ಬರೆದರೆ ಇನ್ನೊಬ್ಬರು ಪಿರಿಯಾಪಟ್ನ ಎನ್ನುತ್ತಾರೆ.

ಇಂಥ ಲಿಂಕನ್ನು ಓದಲು ಕಂಪ್ಯೂಟರಿನಲ್ಲಿ ಪೈಥಾನ್ 3 ಇದ್ದರೆ ಸಾಕು, ‘ಯುಆರ್‌ಎಲ್‌ಲಿಬ್’ ಲೈಬ್ರರಿ ಅದರ ಜೊತೆಗೇ ಬರುತ್ತದೆ. ಮೊದಲು ಅದರ ‘ಪಾರ್ಸ್’ ಭಾಗದಿಂದ ಹೀಗೆ % ಹಾಕುವ ‘ಕೋಟ್’, ಅದನ್ನು ಬಿಡಿಸುವ ‘ಅನ್‌ಕೋಟ್’ ಎರಡನ್ನೂ ಇಂಪೋರ್ಟ್ ಮಾಡಿ. ಬಂದ ಲಿಂಕನ್ನು ಅನ್‌ಕೋಟ್‌ಗೆ ಕೊಟ್ಟು ಪ್ರಿಂಟ್ ಮಾಡಿದರೆ ಕನ್ನಡ ಕಾಣುತ್ತದೆ. %ಇ0 ಎಂಬ ತುಣುಕು ಉಳಿದಿದ್ದರೆ, ಯಾರೋ ಆ ಲಿಂಕನ್ನು ಎರಡು ಸಲ ಕೋಟ್ ಮಾಡಿದ್ದಾರೆ. ಇನ್ನೊಮ್ಮೆ ಅನ್‌ಕೋಟ್ ಮಾಡಿ.

ನೀವೇ ಲಿಂಕ್ ಕಟ್ಟುವಾಗ ಊರ ಹೆಸರನ್ನಷ್ಟೇ ಕೋಟ್ ಮಾಡಿ. ಇಡೀ ವಿಳಾಸ ಕೊಟ್ಟರೆ ‘ಎಚ್‌ಟಿಟಿಪಿಎಸ್’ ಪಕ್ಕದ ಎರಡು ಚುಕ್ಕಿಯೂ %3ಎ ಆಗಿ ಲಿಂಕ್ ಕೆಡುತ್ತದೆ. ‘ಕೆ.ಆರ್. ನಗರ’ದ ಖಾಲಿ ಜಾಗ %20 ಆಗುವುದು ಸರಿಯೇ.

ತಲೆ ಕೆಡಿಸುವುದು ಎಚ್.ಡಿ. ಕೋಟೆ. ‘ಕೋ’ ಅಕ್ಷರದ ಓಕಾರ ಯುನಿಕೋಡ್‌ನಲ್ಲಿ ಒಂದೇ ಸಂಕೇತವಾಗಿರಬಹುದು. ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ತುಂಡಾಗಿಯೂ ಇರಬಹುದು. ಕಣ್ಣಿಗೆ ಎರಡೂ ‘ಕೋಟೆ’ಯೇ. ಕೋಟ್ ಮಾಡಿದರೆ ಒಂದು 36 ಜಾಗ, ಇನ್ನೊಂದು 54. ವೆಬ್‌ಸೈಟ್ ಇವೆರಡನ್ನೂ ಬೇರೆ ಬೇರೆ ಪುಟವೆಂದುಕೊಳ್ಳಬಹುದು. ಆದ್ದರಿಂದ ಕೋಟ್‌ಗೆ ಮುಂಚೆ ‘ಯುನಿಕೋಡ್‌ಡೇಟಾ’ ಲೈಬ್ರರಿಯ ‘ನಾರ್ಮಲೈಸ್’ನಲ್ಲಿ ‘ಎನ್‌ಎಫ್‌ಸಿ’ ಎಂದು ಕೊಟ್ಟು ತುಂಡುಗಳನ್ನು ಕೂಡಿಸಿಕೊಳ್ಳಿ. ಈ ಒಂದು ಸಾಲನ್ನು ಮಾತ್ರ ಎಂದೂ ಬಿಡಬೇಡಿ.

‘ಕೆಆರ್‌ನಗರ’ ಎಂದು ಕೂಡಿಸಿ ಬರೆದಿದ್ದರೆ ನಡುವೆ %ಇ2%80%8ಸಿ ಸಿಗುತ್ತದೆ. ಅದು ಕಸವಲ್ಲ, ‘ರ್’ ಅನ್ನು ‘ನ’ದಿಂದ ಬಿಡಿಸಿಡುವ ಕಾಣದ ಸಂಕೇತ. ತೆಗೆದರೆ ‘ರ್’ ಅರ್ಕಾವೊತ್ತಾಗಿ ‘ನ’ದ ಪಕ್ಕಕ್ಕೆ ಸರಿಯುತ್ತದೆ, ಲಿಂಕ್ ಕೂಡ ಬೇರೆಯಾಗುತ್ತದೆ.