ಮಕ್ಕಳ ವಿದೇಶದ ಓದು: ಸಾಲಕ್ಕೆ ಮೊದಲು ವಿದ್ಯಾರ್ಥಿವೇತನ ಹುಡುಕೋಣ



ನಮ್ಮ ಸಂಘಗಳ ಎಷ್ಟೋ ತಾಯಂದಿರ ಮಕ್ಕಳು ಇಂದು ಡಿಗ್ರಿ ಮುಗಿಸಿದ್ದಾರೆ. "ಅಮ್ಮಾ, ನಾನು ಹೊರದೇಶಕ್ಕೆ ಓದೋಕೆ ಹೋಗ್ತೇನೆ" ಅಂತ ಮಗಳು ಹೇಳಿದಾಗ ಸಂತೋಷವೂ ಆಗುತ್ತದೆ, ಭಯವೂ ಆಗುತ್ತದೆ. ಕೂಡಲೇ ಮನೆ ಪತ್ರ, ಕರಿಮಣಿ ಸರ ನೆನಪಾಗುತ್ತವೆ. ಅವುಗಳನ್ನು ಅಡವಿಡುವ ಮೊದಲು ಈ ಪಾಠವನ್ನು ಸಭೆಯಲ್ಲಿ ಒಟ್ಟಿಗೆ ಓದಿರಿ.

ಮೂರು ಮಾತುಗಳ ವ್ಯತ್ಯಾಸ

ಪೂರ್ಣ ವಿದ್ಯಾರ್ಥಿವೇತನವೆಂದರೆ ಫೀಸು ಮತ್ತು ಊಟ-ವಸತಿಯ ಖರ್ಚು ಎರಡನ್ನೂ ಕೊಡುವಂಥದ್ದು. ಇದನ್ನು ಹಿಂತಿರುಗಿಸಬೇಕಾಗಿಲ್ಲ. ಶಿಕ್ಷಣ ಸಾಲವನ್ನು ಬಡ್ಡಿ ಸಮೇತ ತೀರಿಸಬೇಕು. ಮೂರನೆಯದು ಫೀಸಿನ ರಿಯಾಯಿತಿ. ಇದನ್ನೂ 'ಸ್ಕಾಲರ್‌ಶಿಪ್' ಅಂತಲೇ ಕರೆಯುವುದರಿಂದ ಮೋಸ ಹೋಗುವುದು ಇಲ್ಲೇ. ಲೆಕ್ಕ ಹಾಕಿ ನೋಡಿ: ಫೀಸು 20 ಲಕ್ಷ, ರಿಯಾಯಿತಿ ಶೇ. 50. ಇನ್ನೂ 10 ಲಕ್ಷ ನಾವೇ ಕಟ್ಟಬೇಕು. ಬಾಡಿಗೆ, ಊಟ, ವಿಮಾನದ ಖರ್ಚು ಬೇರೆ. ಆದ್ದರಿಂದ "ಸ್ಕಾಲರ್‌ಶಿಪ್ ಸಿಕ್ಕಿತು" ಅಂದ ಕೂಡಲೇ "ಕೈಯಿಂದ ಇನ್ನೆಷ್ಟು ಹಾಕಬೇಕು?" ಅಂತ ಕೇಳಿರಿ.

ಕೆಲವು ನಿಜವಾದ ಅವಕಾಶಗಳು

1. ಚೀವ್ನಿಂಗ್: ಬ್ರಿಟನ್ ಸರ್ಕಾರ 1983ರಲ್ಲಿ ಆರಂಭಿಸಿದ್ದು. ಅಲ್ಲಿ ಒಂದು ವರ್ಷದ ಸ್ನಾತಕೋತ್ತರ ಓದಿಗೆ. ಡಿಗ್ರಿಯ ಜೊತೆಗೆ ಸುಮಾರು ಎರಡು ವರ್ಷದಷ್ಟು ಕೆಲಸದ ಅನುಭವ ಬೇಕು. ಓದಿದ ಮೇಲೆ ಎರಡು ವರ್ಷ ಊರಿಗೆ ಮರಳಬೇಕು. ಅರ್ಜಿಗೆ ಶುಲ್ಕವಿಲ್ಲ.

2. ಎರಾಸ್ಮಸ್ ಮುಂಡುಸ್: ಯುರೋಪಿಯನ್ ಒಕ್ಕೂಟದ್ದು, 2004ರಿಂದ ಇದೆ. ಒಂದಕ್ಕಿಂತ ಹೆಚ್ಚು ದೇಶಗಳಲ್ಲಿ ಓದುವ ಸ್ನಾತಕೋತ್ತರ ಕೋರ್ಸುಗಳು. ಆಯ್ಕೆಯಾದವರಿಗೆ ತಿಂಗಳಿಗೆ 1,400 ಯೂರೋ, ಫೀಸಿನ ಹೊರೆ ಇಲ್ಲ. ಡಿಗ್ರಿಯ ಕೊನೆಯ ವರ್ಷದಲ್ಲಿ ಇರುವವರೂ ಅರ್ಜಿ ಹಾಕಬಹುದು. ಹೆಚ್ಚಿನ ಕೋರ್ಸುಗಳಿಗೆ ಅರ್ಜಿಯ ಕಾಲ ಅಕ್ಟೋಬರ್‌ನಿಂದ ಜನವರಿ.

3. ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ: ನಮ್ಮ ಕೇಂದ್ರ ಸರ್ಕಾರದ್ದು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯಗಳು, ಭೂಮಿಯಿಲ್ಲದ ಕೃಷಿ ಕೂಲಿಗಾರರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ಮೀರಬಾರದು, ಅಂಕ ಶೇ. 60 ಇರಬೇಕು, ವಯಸ್ಸು 35ರ ಒಳಗಿರಬೇಕು. ಶೇ. 30 ಸ್ಥಾನ ಹೆಣ್ಣುಮಕ್ಕಳಿಗೆ. ಪರಿಶಿಷ್ಟ ಪಂಗಡದವರಿಗೆ ಬೇರೆ ಯೋಜನೆ ಉಂಟು.

ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ನಿಜ. ಆದರೆ ವೀಸಾಕ್ಕೆ ಒಂದು ವರ್ಷದ ಜೀವನ ವೆಚ್ಚ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಇದು 11,904 ಯೂರೋ. ಅಂದರೆ ಹತ್ತು ಲಕ್ಷ ರೂಪಾಯಿಗೂ ಹೆಚ್ಚು. 'ಫ್ರೀ' ಅಂದರೆ ಖರ್ಚೇ ಇಲ್ಲ ಅಂತಲ್ಲ.

ಅಲ್ಪಸಂಖ್ಯಾತರ ವಿದೇಶಿ ಶಿಕ್ಷಣ ಸಾಲಕ್ಕೆ ಬಡ್ಡಿ ಸಹಾಯ ಕೊಡುತ್ತಿದ್ದ 'ಪಢೋ ಪರದೇಶ್' 2022-23ರಲ್ಲಿ ನಿಂತುಹೋಗಿದೆ. ಅದನ್ನು ಮಾಡಿಸಿ ಕೊಡ್ತೇವೆ ಅಂತ ಯಾರಾದರೂ ಹಣ ಕೇಳಿದರೆ ಕೊಡಬೇಡಿ.

ತಯಾರಿ ಒಂದು ವರ್ಷ ಮೊದಲೇ

• ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಾಸ್‌ಪೋರ್ಟ್‌ಗಳಲ್ಲಿ ಹೆಸರು ಒಂದೇ ರೀತಿ ಇದೆಯೇ ನೋಡಿರಿ. ಇನಿಷಿಯಲ್ ವ್ಯತ್ಯಾಸವಾದರೂ ತೊಂದರೆ ಆಗಬಹುದು.

• ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿಡಿ.

• ಮಗಳನ್ನು ಚೆನ್ನಾಗಿ ಬಲ್ಲ ಇಬ್ಬರು ಅಧ್ಯಾಪಕರಲ್ಲಿ ಶಿಫಾರಸು ಪತ್ರಕ್ಕೆ ಮೊದಲೇ ಕೇಳಿಕೊಳ್ಳಲಿ.

• "ಯಾಕೆ ಓದಬೇಕು, ಓದಿ ಏನು ಮಾಡ್ತೀರಿ?" ಎಂಬ ಪ್ರಶ್ನೆಗೆ ಬರೆಯುವ ಪತ್ರವೇ ಅರ್ಜಿಯ ಜೀವ. ಇಂಟರ್ನೆಟ್‌ನಿಂದ ನಕಲು ಮಾಡಬಾರದು. ಸಂಘದ ಲೆಕ್ಕ ಪುಸ್ತಕ ಬರೆದದ್ದು, ಊರಿನ ಮಕ್ಕಳಿಗೆ ಪಾಠ ಹೇಳಿದ್ದು ಸಣ್ಣ ವಿಷಯವೆಂದು ಬಿಡಬೇಡಿ. ಆಯ್ಕೆ ಮಾಡುವವರು ಇಂಥ ನಿಜವಾದ ಕೆಲಸವನ್ನೇ ನೋಡುತ್ತಾರೆ.

• ಒಂದೇ ಅರ್ಜಿಯನ್ನು ನಂಬಿ ಕೂರಬಾರದು. ಸ್ಪರ್ಧೆ ಬಹಳ. ಮೊದಲ ವರ್ಷ ಸಿಗದಿದ್ದರೆ ಕೆಲಸಕ್ಕೆ ಸೇರಿ, ಅನುಭವ ಪಡೆದು ಮತ್ತೆ ಹಾಕಬಹುದು.

ಎಚ್ಚರಿಕೆ

"ವಿದ್ಯಾರ್ಥಿವೇತನ ಗ್ಯಾರಂಟಿ, ಮೊದಲು ಐವತ್ತು ಸಾವಿರ ಕಟ್ಟಿ" ಎನ್ನುವವರನ್ನು ನಂಬಬೇಡಿ. ಗ್ಯಾರಂಟಿ ಕೊಡುವ ಅಧಿಕಾರ ಯಾವ ಏಜೆಂಟರಿಗೂ ಇಲ್ಲ. ಕೆಲವು ವಿಶ್ವವಿದ್ಯಾಲಯಗಳು ಪ್ರವೇಶದ ಅರ್ಜಿಗೆ ಶುಲ್ಕ ತೆಗೆದುಕೊಳ್ಳುತ್ತವೆ, ಅದನ್ನು ನೇರವಾಗಿ ಅವರಿಗೇ ಕಟ್ಟಿ ರಶೀದಿ ಇಟ್ಟುಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ಯಾರ ಕೈಗೂ ಕೊಡಬೇಡಿ.

ಅಮ್ಮನಿಗೆ ಇಂಗ್ಲಿಷ್ ಬರದಿದ್ದರೂ ಪರವಾಗಿಲ್ಲ. ಸಂಘದಲ್ಲಿ ಪಾಸ್‌ಬುಕ್ ಕೇಳಿ ನೋಡುವ ಧೈರ್ಯ ನಮಗೆ ಬಂದಿದೆ. ಅದೇ ಧೈರ್ಯದಿಂದ "ಇದರಲ್ಲಿ ಏನು ಬರೆದಿದೆ, ಓದಿ ಹೇಳು" ಅಂತ ಮಕ್ಕಳನ್ನು ಕೇಳೋಣ.

ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಸಂಘದ ಯಾರ ಮಕ್ಕಳು ಡಿಗ್ರಿ ಕೊನೆಯ ವರ್ಷದಲ್ಲಿದ್ದಾರೆ?
2. ವಿದ್ಯಾರ್ಥಿವೇತನ ಮತ್ತು ಫೀಸಿನ ರಿಯಾಯಿತಿಗೆ ಇರುವ ವ್ಯತ್ಯಾಸವೇನು?
3. ಮಗನ ಓದಿಗೆ ಸಾಲ ಮಾಡಲು ಒಪ್ಪುವ ನಾವು ಮಗಳ ಓದಿಗೂ ಒಪ್ಪುತ್ತೇವೆಯೇ?