ಹಳೆಯ ಟ್ಯಾಂಕಿನ ಹೊಸ ಜನ್ಮ

ಹರಿದ ಸೀರೆ ಕೌದಿಯಾಗುವುದನ್ನೂ, ಗಾಡಿಚಕ್ರದ ಸವೆದ ಕಬ್ಬಿಣದ ಪಟ್ಟಿ ಕಮ್ಮಾರನ ಕುಲುಮೆಯಲ್ಲಿ ಕುಡುಗೋಲಾಗುವುದನ್ನೂ ನಮ್ಮಲ್ಲಿ ಕಾಣದವರಾರು? ಆದರೆ ಯುದ್ಧಕ್ಕೆ ನಿರುಪಯೋಗಿಯಾದ ಟ್ಯಾಂಕೊಂದು ಸೈನಿಕರನ್ನು ಹೊತ್ತೊಯ್ಯುವ ಕವಚವಾಹನವಾಗಿ ಪುನರ್ಜನ್ಮ ಪಡೆಯಬಲ್ಲದೆಂಬ ವಿಷಯ ಎರಡನೆಯ ಮಹಾಯುದ್ಧದ ಚರಿತ್ರೆಯನ್ನು ಓದುವವರೆಗೆ ನನಗೆ ತಿಳಿದಿರಲಿಲ್ಲ. ನಾನು ಇತಿಹಾಸದ ವಿದ್ಯಾರ್ಥಿ, ಯಂತ್ರಶಾಸ್ತ್ರ ಬಲ್ಲವನಲ್ಲ. ಓದಿ ಅರಿತಷ್ಟನ್ನು ಸಹಪಾಠಿಗಳ ಮುಂದಿಡುತ್ತೇನೆ.

ಮೊದಲು ಈ ವಾಹನದ ಅಗತ್ಯವೇನೆಂಬುದನ್ನು ನೋಡೋಣ. ಟ್ಯಾಂಕು ಶತ್ರುವಿನ ಸಾಲನ್ನು ಭೇದಿಸಬಲ್ಲದು. ಆದರೆ ಗೆದ್ದ ನೆಲವನ್ನು ಕಾಯುವವನು ಪದಾತಿ. ಟ್ಯಾಂಕಿಗೆ ಉಕ್ಕಿನ ಹೊದಿಕೆಯುಂಟು, ಪದಾತಿಗೆ ಅಂಗಿಯೊಂದೇ. ಮೆಷಿನ್ ಗನ್ನಿನ ಗುಂಡು ಟ್ಯಾಂಕಿಗೆ ಆಲಿಕಲ್ಲಿನಂತೆ. ಅದೇ ಗುಂಡು ಪದಾತಿಗೆ ಮೃತ್ಯು. 1944ರ ಜುಲೈ 25ರಂದು ಫ್ರಾನ್ಸಿನ ನಾರ್ಮಂಡಿಯಲ್ಲಿ ವೆರಿಯೇರ್ ದಿಬ್ಬವನ್ನು ಕಾಲ್ನಡಿಗೆಯಲ್ಲಿ ಏರಹೊರಟ ಕೆನಡಾದ ಬ್ಲಾಕ್ ವಾಚ್ ದಳದ 300ಕ್ಕೂ ಹೆಚ್ಚು ಮಂದಿಯಲ್ಲಿ ಬಹುತೇಕ ಎಲ್ಲರೂ ಸತ್ತರು, ಗಾಯಗೊಂಡರು ಇಲ್ಲವೆ ಸೆರೆಯಾದರು.

ಅಲ್ಲಿನ ಕೆನಡಾ ಸೇನೆಯ ನಾಯಕ ಗೈ ಸೈಮಂಡ್ಸ್. ಮುಂದಿನ ದಾಳಿಯಲ್ಲಿ ಪದಾತಿಗಳನ್ನು ಗುಂಡು ತಾಗದಂತೆ ಶತ್ರುವಿನ ಸಾಲಿನಾಚೆಗೆ ಒಯ್ಯುವುದು ಹೇಗೆಂಬುದು ಆತನ ಚಿಂತೆ. ಆ ವೇಳೆಗೆ ಕೆನಡಾದ ಫಿರಂಗಿದಳವು ಅಮೆರಿಕದಿಂದ ಪಡೆದಿದ್ದ ‘ಪ್ರೀಸ್ಟ್’ ಎಂಬ ವಾಹನಗಳನ್ನು ಬಿಟ್ಟುಕೊಡುತ್ತಿತ್ತು. ಟ್ಯಾಂಕಿನ ಒಡಲ ಮೇಲೆ 105 ಮಿಲಿಮೀಟರ್ ಫಿರಂಗಿಯನ್ನು ಕೂರಿಸಿದ, ಮೇಲ್ಭಾಗ ತೆರೆದ ವಾಹನವದು. ಮೆಷಿನ್ ಗನ್ನಿನ ದುಂಡನೆಯ ಕಟ್ಟೆ ಇಗರ್ಜಿಯ ಉಪದೇಶಪೀಠದಂತೆ ಕಾಣುತ್ತಿದ್ದುದರಿಂದ ಅದಕ್ಕೆ ‘ಪಾದ್ರಿ’ ಎಂದು ಹೆಸರಾಯಿತು. ಫಿರಂಗಿಯನ್ನು ಕಿತ್ತು, ಮುಂದಣ ತೆರಪಿಗೆ ಉಕ್ಕಿನ ತಗಡನ್ನು ಬೆಸೆದರೆ ಒಳಗೆ ಸುಮಾರು ಹತ್ತು ಮಂದಿಗೆ ಸ್ಥಳ ದೊರೆಯುತ್ತದೆಂದು ಸೈಮಂಡ್ಸ್ ಕಂಡುಕೊಂಡನು. ಕೆಲವೇ ದಿನಗಳಲ್ಲಿ 76 ವಾಹನಗಳು ಸಿದ್ಧವಾದವು. ಸೈನಿಕರು ಇವನ್ನು ‘ದೀಕ್ಷೆ ಕಳೆದ ಪಾದ್ರಿಗಳು’ ಎಂದು ನಗೆಯಾಡಿದರು. ಈ ಕೆಲಸ ನಡೆದ ಕಾರ್ಯಾಗಾರದ ಗುಪ್ತನಾಮ ‘ಕಾಂಗರೂ’. ಮರಿಯನ್ನು ಒಡಲ ಚೀಲದಲ್ಲಿ ಹೊರುವ ಆ ಪ್ರಾಣಿಯ ಹೆಸರೇ ವಾಹನಕ್ಕೂ ನಿಂತಿತು.

ಆಗಸ್ಟ್ 7ರ ರಾತ್ರಿ ಕಾನ್ ನಗರದ ದಕ್ಷಿಣದಲ್ಲಿ ಈ ವಾಹನಗಳು ಟ್ಯಾಂಕುಗಳೊಡನೆ ಕತ್ತಲಲ್ಲಿ ಸಾಲಾಗಿ ಹೊರಟವು. ಧೂಳಿನಲ್ಲಿ ಕೆಲವು ದಾರಿ ತಪ್ಪಿದವು. ಆದರೂ ಪದಾತಿಗಳು ಶತ್ರುವಿನ ಮುಂಚೂಣಿಯನ್ನು ದಾಟಿ ಹಲವು ಮೈಲಿ ಒಳಗೆ ಇಳಿದರು. ವಾಹನದಲ್ಲಿ ಹೋದ ದಳಗಳ ನಷ್ಟವು ನಡೆದು ಹೋದ ದಳಗಳ ನಷ್ಟಕ್ಕಿಂತ ಬಹಳ ಕಡಿಮೆಯಾಗಿತ್ತು. ಅನಂತರ ಕೆನಡಾದಲ್ಲೇ ತಯಾರಾಗಿ, ರಣರಂಗವನ್ನು ಕಾಣದೆ ತರಬೇತಿಗಷ್ಟೇ ಉಳಿದಿದ್ದ ‘ರ‍್ಯಾಮ್’ ಟ್ಯಾಂಕುಗಳ ಗೋಪುರವನ್ನು ತೆಗೆದು ಇದೇ ಕೆಲಸಕ್ಕೆ ಹಚ್ಚಿದರು.

ಆದರೆ ಈ ಕಾಂಗರೂವಿನಲ್ಲಿ ಒಂದು ದೊಡ್ಡ ಕೊರತೆಯಿತ್ತು. ಅದಕ್ಕೆ ಹಿಂಬಾಗಿಲಿಲ್ಲ, ಗೋಡೆ ಹಾರುವವನಂತೆ ಸೈನಿಕನು ಮೇಲಿನಿಂದಲೇ ಇಳಿಯಬೇಕು. ಇಳಿಯುವ ಆ ಕ್ಷಣದಲ್ಲಿ ಕವಚದ ಪ್ರಯೋಜನವೆಲ್ಲ ಮಣ್ಣುಪಾಲು. ಇದಕ್ಕೆ ಮೂಲ ಕಾರಣ ಎಂಜಿನ್ನಿನ ಸ್ಥಾನ. ಸಾಮಾನ್ಯವಾಗಿ ಟ್ಯಾಂಕಿನ ಎಂಜಿನ್ನು ಹಿಂಭಾಗದಲ್ಲಿರುತ್ತದೆ. ಬಾಗಿಲು ಬೇಕಾದುದೂ ಅಲ್ಲಿಯೇ! ರಷ್ಯದ ಓಮ್ಸ್ಕಿನಲ್ಲಿ ಟಿ-55 ಟ್ಯಾಂಕಿನಿಂದ ರೂಪಿಸಿದ ಬಿಟಿಆರ್-ಟಿ ವಾಹನದಲ್ಲಿಯೂ ಎಂಜಿನ್ನು ಹಿಂದೆಯೇ ಉಳಿದುದರಿಂದ ಸೈನಿಕರು ಛಾವಣಿಯ ಕಿಂಡಿಯಿಂದ ಹೊರಬರಬೇಕಾಯಿತು.

ಈ ತೊಡಕನ್ನು ಇಸ್ರೇಲಿನವರು ಬೇರೆ ಬಗೆಯಲ್ಲಿ ಬಿಡಿಸಿದರು. 1967 ಮತ್ತು 1973ರ ಯುದ್ಧಗಳಲ್ಲಿ ಅವರ ಕೈಸೇರಿದ ಟಿ-54, ಟಿ-55 ಟ್ಯಾಂಕುಗಳಿಂದ ‘ಅಖ್ಜರಿತ್’ ಎಂಬ ವಾಹನ ಹುಟ್ಟಿತು. ಹಳೆಯ ಎಂಜಿನ್ನನ್ನು ಕಿತ್ತು, ಚಿಕ್ಕದಾದ ಬೇರೊಂದನ್ನು ಅಡ್ಡಲಾಗಿ ಕೂರಿಸಿ, ಬಲಬದಿಯಲ್ಲಿ ಉಳಿದ ಜಾಗದಲ್ಲಿ ಓಣಿಯೊಂದನ್ನು ಮಾಡಿ ಹಿಂಬಾಗಿಲಿಟ್ಟರು. ಗೋಪುರದ ಭಾರ ಇಳಿದರೂ ಅದರ ಬದಲಿಗೆ ಕವಚವನ್ನು ಹೆಚ್ಚಿಸಿದುದರಿಂದ 36 ಟನ್ನಿನ ಟ್ಯಾಂಕು 44 ಟನ್ನಿನ ವಾಹನವಾಯಿತು. ಅದರಲ್ಲಿ ನಡೆಸುವವರು ಮೂವರು, ಪದಾತಿಗಳು ಏಳು ಮಂದಿ. ‘ಇಷ್ಟು ಭಾರ ಹೊತ್ತು ಏಳೇ ಮಂದಿಯೇ?’ ಎಂದು ನಾನೂ ಮೊದಲು ಅಚ್ಚರಿಪಟ್ಟೆ. ಅಮೆರಿಕದ ಎಂ-113 ವಾಹನವು ಸುಮಾರು 12 ಟನ್ನಿನಲ್ಲಿಯೇ 11 ಮಂದಿಯನ್ನು ಒಯ್ಯುತ್ತದೆ. ಆದರೆ ಅದರ ಮೈ ತೆಳುವಾದ ಅಲ್ಯೂಮಿನಿಯಂ. 2014ರ ಜುಲೈ 20ರಂದು ಗಾಜಾದ ಶುಜಾಇಯ್ಯ ಬಡಾವಣೆಯಲ್ಲಿ ಇಂತಹ ಒಂದು ವಾಹನಕ್ಕೆ ಏಟು ಬಿದ್ದು ಒಳಗಿದ್ದ ಏಳು ಇಸ್ರೇಲಿ ಸೈನಿಕರು ಸತ್ತರು. ಆ ಭಾರ ಯಾತಕ್ಕೆಂಬ ನನ್ನ ಪ್ರಶ್ನೆಗೆ ಉತ್ತರ ಅಲ್ಲಿ ದೊರೆಯಿತು.

ಅದೇ ದಿನ ಅದೇ ಬಡಾವಣೆಯಲ್ಲಿ ಅನೇಕ ಪ್ಯಾಲೆಸ್ಟೀನಿ ನಾಗರಿಕರೂ ಪ್ರಾಣ ತೆತ್ತರೆಂಬುದನ್ನು ಮರೆಯುವಂತಿಲ್ಲ. ಉಕ್ಕಿನ ಕವಚ ಒಳಗಿರುವವನನ್ನು ಕಾಯುತ್ತದೆ. ಹೊರಗಿರುವವನನ್ನು ಅದು ಕಾಯಲಾರದು. ಹಾಗೆಂದು ಈ ಅಧ್ಯಯನ ವ್ಯರ್ಥವೆನ್ನಲಾಗದು. ಮೂಲೆಗೆ ಬಿದ್ದ ಉಕ್ಕಿನಿಂದಲೇ ಕೆಲವು ನೂರು ತಾಯಂದಿರ ಮಕ್ಕಳು ಆ ಆಗಸ್ಟಿನ ರಾತ್ರಿಯನ್ನು ದಾಟಿದರು. ಹತ್ಯೆಗಾಗಿ ಕಟ್ಟಿದ ಯಂತ್ರವೊಂದು ರಕ್ಷಣೆಗಾಗಿ ಬದಲಾಯಿತೆಂಬುದೇ ನನಗೆ ಇದರಲ್ಲಿ ಕಂಡ ಸಮಾಧಾನ. ಯುದ್ಧವೇ ಬೇಡವಾಗಿ, ಆ ಯಂತ್ರಗಳೆಲ್ಲ ಕಮ್ಮಾರನ ಕುಲುಮೆ ಸೇರುವ ದಿನ ಬಂದರೆ ಅದಕ್ಕಿಂತ ಮಿಗಿಲಾದ ಪುನರ್ಜನ್ಮ ಇನ್ನಾವುದಿದ್ದೀತು?